ಹರಿಪ್ರಸಾದನ ಮೂವತ್ತೆರಡನೆಯ ಬಿನ್ನವತ್ತಳೆ

ಬೈಟನ್‌ವೆಲ್ಡರ್ಟ್ ಬಡಾವಣೆಯ ಹರಿಪ್ರಸಾದನಿಗೆ ಬರುತ್ತಿದ್ದ ವಿದ್ಯೆ ಒಂದೇ ಒಂದು. ಆಫೀಸಿನಲ್ಲಿ ಅವನು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದ. ಅದನ್ನು ವಿದ್ಯೆ ಎಂದು ಅವನ ಹೆಂಡತಿ ಸರಳಾ ಒಪ್ಪುತ್ತಿರಲಿಲ್ಲ, ಏಕೆಂದರೆ ಮನೆಯಲ್ಲಿ ಕಣ್ಣೆದುರಿಗೇ ಇರುವ ಉಪ್ಪಿನ ಡಬ್ಬಿ ಅವನಿಗೆ ಇಂದಿನವರೆಗೂ ಸಿಕ್ಕಿರಲಿಲ್ಲ. ಆದರೆ ಬಿನ್ನವತ್ತಳೆ ಬರೆಯುವುದರಲ್ಲಿ ಮಾತ್ರ ಇಡೀ ನೆದರ್ಲೆಂಡ್ಸಿನಲ್ಲಿ ಅವನಿಗೆ ಸಾಟಿಯಿರಲಿಲ್ಲ. ಪೈಪೋಟಿಗೆ ಬಂದವರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಅಲ್ಲಿಯ ಕನ್ನಡ ಸಂಘದಲ್ಲಿ ಯಾರಾದರೂ ಪರ್ಮಿಟ್ ಮುಗಿಸಿ ಬೆಂಗಳೂರಿಗೆ ಹೊರಟರೆ ಅವರಿಗೊಂದು ಶಾಲು, ಒಂದು ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಒಂದು ಬಿನ್ನವತ್ತಳೆ. ಹತ್ತು ವರ್ಷದಲ್ಲಿ ಹರಿಪ್ರಸಾದ ಅಂಥವು ಮೂವತ್ತೊಂದನ್ನು ಬರೆದಿದ್ದ. ಅವನದು ಶಿಸ್ತಿನ ಕೆಲಸ. ಪ್ರತಿ ಪ್ಯಾರಾವೂ ಒಂದು ಸಂಬೋಧನೆಯಿಂದಲೇ ಶುರುವಾಗಬೇಕು. ಸನ್ಮಾನ ಮಾಡಿಸಿಕೊಳ್ಳುವವರು ಅದನ್ನು ಮುಂಚೆ ಓದಕೂಡದು. ಅಧ್ಯಕ್ಷರೊಬ್ಬರೇ ಓದಿ ಒಪ್ಪಿಗೆ ಕೊಡಬೇಕು. ಇನ್ನು ಕೊನೆಯ ಪ್ಯಾರಾ ಯಾವ ಕಾಲಕ್ಕೂ ಬದಲಾಗಕೂಡದು, ಏಕೆಂದರೆ ಅದು ಮೊದಲ ಸಲವೇ ಬಹಳ ಚೆನ್ನಾಗಿ ಬಂದುಬಿಟ್ಟಿತ್ತು.

ಚೌಕಟ್ಟನ್ನು ಅವನು ಹಳೆಯ ಸಾಮಾನು ಮಾರುವ ಕ್ರಿಂಗ್‌ಲೋಪ್ ಅಂಗಡಿಯಿಂದ ತರುತ್ತಿದ್ದ. ಒಮ್ಮೆ ಅಲ್ಲಿ ಒಳ್ಳೆಯ ತೇಗದ ಬಣ್ಣದ ಚೌಕಟ್ಟು ಸಿಕ್ಕಿತೆಂದು ಕುಣಿಯುತ್ತ ಮನೆಗೆ ತಂದು ತಿರುಗಿಸಿ ನೋಡಿದರೆ, ಒಳಗೆ ಹಿಂದಿನ ತಿಂಗಳಷ್ಟೇ ಊರಿಗೆ ಹೋದ ಗುಂಡಪ್ಪನವರ ಬಿನ್ನವತ್ತಳೆಯೇ ಇತ್ತು. ಸರಳಾ ಮೂರು ದಿನ ನಕ್ಕಳು. ಹರಿಪ್ರಸಾದ ಮಾತ್ರ, "ಪಾಪ, ಲಗೇಜ್ ಜಾಸ್ತಿ ಆಗಿರತ್ತೆ" ಎಂದು ಗುಂಡಪ್ಪನವರ ಪರವಾಗಿಯೇ ವಾದಿಸಿದ.

ಇಂಥ ಮನುಷ್ಯನ ಮನೆಗೆ ಒಂದು ಭಾನುವಾರ ಮಧ್ಯಾಹ್ನ ತನುಶ್ರೀ ಮುಖ ಇಳಿಬಿಟ್ಟುಕೊಂಡು ಊಟಕ್ಕೆ ಬಂದಳು.

ತನುಶ್ರೀ ಸರಳೆಯ ಚಿಕ್ಕಮ್ಮನ ಮಗಳು, ಮೈಸೂರಿನವಳು. ರೈಲಿನಲ್ಲಿ ಒಂದು ಗಂಟೆ ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದಿಂದ ಪಾಠ ಮಾಡುತ್ತಿದ್ದಳು. ವಿಶ್ವವಿದ್ಯಾಲಯದ ಹೆಸರು ಬೇಡ, ಅಲ್ಲಿಯವರು ಈಗಲೂ ನಗುತ್ತಿದ್ದಾರೆ. ಅವಳ ಸಂಶೋಧನೆ ಮರದ ಕಂಬಗಳ ಮೇಲೆ. ಆ ದೇಶದ ಕಾಲುವೆ ದಂಡೆಗಳೆಲ್ಲ ನೀರೊಳಗೆ ಹೂತ ಹಳೆಯ ಮರದ ಕಂಬಗಳ ಮೇಲೆ ನಿಂತಿವೆ. ಆ ಕಂಬಗಳನ್ನು ತಟ್ಟಿ, ಬರುವ ಶಬ್ದ ಕೇಳಿ, ಯಾವುದು ಗಟ್ಟಿ, ಯಾವುದು ಒಳಗೇ ಕೊಳೆತಿದೆ ಎಂದು ಹೇಳುವುದು ಅವಳ ಕೆಲಸ.

"ತೆಂಗಿನಕಾಯಿ ತಟ್ಟಿ ನೋಡ್ದಂಗೆ" ಎಂದು ಸರಳಾ ಎಲ್ಲರಿಗೂ ವಿವರಿಸುತ್ತಿದ್ದಳು. ಅದನ್ನು ಕೇಳಿದವರಿಗೆಲ್ಲ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು.

ಊಟಕ್ಕೆ ಬೇಳೆಸಾರು, ಹುರುಳಿಕಾಯಿ ಪಲ್ಯ. ತನುಶ್ರೀ ಅನ್ನದಲ್ಲಿ ಬೆರಳು ಆಡಿಸುತ್ತ ಕೂತಿದ್ದಳು. ಅಷ್ಟರಲ್ಲಿ ಕೆಳಗಿನ ಮನೆಯ ಮಂಗಳೂರಿನ ಉಮಾವತಿಯವರು ಪತ್ರೊಡೆಯ ಡಬ್ಬಿ ಹಿಡಿದುಕೊಂಡು ಬಂದರು. ಈ ಮನೆಯಲ್ಲಿ ಯಾರಿಗಾದರೂ ಬೇಜಾರಾದರೆ ಉಮಾವತಿಯವರಿಗೆ ಅದು ನೆಲದ ಮೂಲಕವೇ ಗೊತ್ತಾಗುತ್ತಿತ್ತು.

"ಎಂತ ಮಾರಾಯ್ತಿ, ಮುಖ ಹೀಗೆ?" ಎಂದು ಅವರು ಕುರ್ಚಿ ಎಳೆದುಕೊಂಡರು.

"ಗ್ರಾಂಟ್ ಅಪ್ಲಿಕೇಶನ್ ಆಂಟಿ" ಎಂದಳು ತನುಶ್ರೀ. "ಹೊಸದಾಗಿ ಸೇರಿದ ಟೀಚರ್ಸ್‌ಗೆ ಅಂತಲೇ ಕೊಡ್ತಾರೆ, ಐದು ವರ್ಷಕ್ಕೆ. ಅದು ಬಂದ್ರೆ ಕೆಲಸ ಉಳಿಯತ್ತೆ. ಬರ್ಲಿಲ್ಲ ಅಂದ್ರೆ ಆಗಸ್ಟ್‌ಗೆ ಕಾಂಟ್ರಾಕ್ಟ್ ಮುಗೀತು, ಮೈಸೂರಿಗೆ ಟಿಕೆಟ್."

"ಬರೆದಾಯ್ತಾ?"

"ಎಲ್ಲಾ ಬರೆದಿದೀನಿ. ಏನು ಮಾಡ್ತೀನಿ, ಯಾಕೆ ಮಾಡ್ತೀನಿ, ಹೇಗೆ ಮಾಡ್ತೀನಿ, ಎಲ್ಲಾ. ನನ್ನ ಬಗ್ಗೆ ಎರಡು ಪುಟ ಬರೀಬೇಕು. ಈ ಕೆಲಸಕ್ಕೆ ನಾನೇ ಯಾಕೆ ಸರಿ ಅಂತ. ಅದೊಂದು ಆಗ್ತಿಲ್ಲ."

ಅವಳು ಬರೆದದ್ದು ಮೂರು ಸಾಲು. ಸರಳಾ ಅವಳ ಫೋನ್ ಇಸಕೊಂಡು ಗಟ್ಟಿಯಾಗಿ ಓದಿದಳು: 'ಮರದ ಕಂಬಗಳ ಬಗ್ಗೆ ನಾನು ಸ್ವಲ್ಪ ಕೆಲಸ ಮಾಡಿದ್ದೇನೆ. ಅದರಲ್ಲಿ ಹೆಚ್ಚಿನದು ಗುರುಗಳ ಮತ್ತು ಸಹೋದ್ಯೋಗಿಗಳ ಸಹಾಯದಿಂದ ಆದದ್ದು. ತಪ್ಪುಗಳಿದ್ದರೆ ಅವು ನನ್ನವು.'

ಹೊಸ ಅಧ್ಯಾಪಕರ ಅರ್ಜಿಗಳನ್ನು ತಿದ್ದಿಕೊಡಲೆಂದೇ ವಿಶ್ವವಿದ್ಯಾಲಯದಲ್ಲಿ ಮಾರ್ಲೂಸ್ ಎಂಬ ಸಲಹೆಗಾರ್ತಿಯಿದ್ದಳು. ಆಕೆ ಈ ಮೂರು ಸಾಲಿನ ಪಕ್ಕದಲ್ಲಿ ಕೆಂಪಕ್ಷರದಲ್ಲಿ ಕೇಳಿದ್ದಳು: 'ಏನು ತಪ್ಪು ಮಾಡಿದ್ದೀಯ? ನನಗಾದರೂ ಹೇಳು.'

"ನಮ್ಮನ್ನ ನಾವೇ ಹೊಗಳ್ಕೊಳ್ಳೋದು ಹೇಗೆ ಅಕ್ಕಾ? ನಾಚಿಕೆ ಆಗತ್ತೆ."

ಹರಿಪ್ರಸಾದ ಸಾರಿನ ಲೋಟ ಕೆಳಗಿಟ್ಟ. ಅವನ ಮುಖದ ಮೇಲೆ ಬೆಳಕು ಮೂಡಿದ್ದನ್ನು ಸರಳಾ ಕಂಡಳು. ಆ ಬೆಳಕು ಅವಳಿಗೆ ಹಿಡಿಸಲಿಲ್ಲ.

"ಹೊಗಳೋದು ತಾನೆ?" ಎಂದ ಹರಿಪ್ರಸಾದ. "ಅದು ನನಗೆ ಬಿಡು."

"ಬೇಡ ಭಾವ, ನೀವ್ಯಾಕೆ..."

"ಹತ್ತು ವರ್ಷದಿಂದ ಹೊಗಳ್ತಾ ಇದೀನಿ ತನೂ. ಯಾರ್ಯಾರನ್ನೋ ಹೊಗಳಿದೀನಿ. ಗುಂಡಪ್ಪನವರನ್ನೇ ಹೊಗಳಿದೀನಿ ಅಂದ್ರೆ ನಿನ್ನನ್ನ ಹೊಗಳೋಕೆ ಆಗಲ್ವಾ? ಯಾರು ನೋಡ್ತಾರೆ ಇದನ್ನ, ಅದು ಹೇಳು."

"ಮಾರ್ಲೂಸ್ ನೋಡ್ತಾಳೆ. ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥ ಹೆಂಕ್. ಅವನು ಒಂದು ಪತ್ರಕ್ಕೆ ಸಹಿ ಹಾಕ್ಬೇಕು, ಇವಳು ನಮಗೆ ಬೇಕು, ಐದು ವರ್ಷ ಜಾಗ ಕೊಡ್ತೀವಿ ಅಂತ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅದನ್ನ ಅಪ್‌ಲೋಡ್ ಮಾಡೋ ಕಿಟಕಿ ಮುಚ್ಚತ್ತೆ. ಉಳಿದ ಅರ್ಜಿಗೆ ಇನ್ನೊಂದು ವಾರ ಇದೆ, ಆದ್ರೆ ಪತ್ರ ಇಲ್ಲ ಅಂದ್ರೆ ಅರ್ಜಿನೇ ಇಲ್ಲ. ನೀವು ಸುಮ್ನೆ ಒಂದೆರಡು ಪಾಯಿಂಟ್ ಬರ್ದು ನನಗೆ ಕಳ್ಸಿ ಭಾವ, ಸಾಕು. ಉಳಿದದ್ದು ನಾನು ನೋಡ್ಕೋತೀನಿ."

"ಪಾಯಿಂಟ್ ಅಂತೆ" ಎಂದು ಹರಿಪ್ರಸಾದ ಉಮಾವತಿಯವರ ಕಡೆ ತಿರುಗಿ ನಕ್ಕ. ಮಹಾಕವಿಯನ್ನು ಪದ್ಯಕ್ಕೆ ಬದಲು ಪ್ರಾಸಪದಗಳ ಪಟ್ಟಿ ಕೇಳಿದಂತಿತ್ತು ಆ ನಗು.

ಸೋಮವಾರ ಆಫೀಸಿನಲ್ಲಿ ಕಂಪ್ಯೂಟರು ತನ್ನ ಪಾಡಿಗೆ ತಾನು ಪರೀಕ್ಷೆ ನಡೆಸಿಕೊಳ್ಳುತ್ತಿದ್ದಾಗ ಹರಿಪ್ರಸಾದ ಮೂವತ್ತೆರಡನೆಯ ಬಿನ್ನವತ್ತಳೆ ಬರೆದ. ಇಂಗ್ಲಿಷಿನಲ್ಲಿ ಬರೆಯಬೇಕಾಗಿದ್ದರಿಂದ ಗುಂಡಪ್ಪನವರದನ್ನೇ ಎದುರಿಗಿಟ್ಟುಕೊಂಡು ತರ್ಜುಮೆ ಮಾಡುತ್ತ ಹೋದ. 'ಓ ವಿದ್ಯಾಸಂಪನ್ನೆಯೇ' ಎಂದು ಮೊದಲ ಪ್ಯಾರಾ. 'ಓ ಕಂಬಗಳ ಕರೆಗೆ ಓಗೊಟ್ಟವಳೇ' ಎಂದು ಎರಡನೆಯದು. ಇಲ್ಲಿ ಗುಂಡಪ್ಪನವರಿಗೆ 'ಓ ಡೇಟಾಬೇಸಿನ ಧುರೀಣರೇ' ಎಂದಿತ್ತು. ಮೂರನೆಯದು, 'ಓ ವಿನಯವೇ ಮೈವೆತ್ತವಳೇ'. ನಾಲ್ಕನೆಯದು ಆ ಬದಲಾಗದ ಪ್ಯಾರಾ, ಅದನ್ನು ಓದದೆ ಕಂಪ್ಯೂಟರಿನಿಂದಲೇ ತರ್ಜುಮೆ ಮಾಡಿಸಿದ: 'ನಿಮ್ಮ ಅಗಲಿಕೆಯಿಂದ ನಮ್ಮ ಹೃದಯ ಭಾರವಾಗಿದೆ. ಆದರೂ ನಿಮ್ಮ ಮುಂದಿನ ಪಯಣಕ್ಕೆ ಅಡ್ಡ ಬರುವುದು ನಮಗೆ ಸಲ್ಲದು. ಎಲ್ಲೇ ಇರಿ, ಹೇಗೇ ಇರಿ, ನಮ್ಮನ್ನು ಮರೆಯದಿರಿ. ಇಂತಿ, ನಿಮ್ಮ ಅಭಿಮಾನಿ ಬಳಗ.'

ತಪ್ಪು ಹುಡುಕುವುದೇ ಹೊಟ್ಟೆಪಾಡಾದ ಮನುಷ್ಯನಿಗೆ ಇದು ಕಾಣಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಣಲಿಲ್ಲ. ಗೋಡೆಯ ಕ್ಯಾಲೆಂಡರಿನ ತುದಿಯಲ್ಲಿರುವ ಅಂಗಡಿಯ ವಿಳಾಸವನ್ನು ಯಾರು ದಿನಾ ಓದುತ್ತಾರೆ? ಆ ಪ್ಯಾರಾ ಅವನ ಕಣ್ಣಿಗೆ ಬೀಳುವುದು ನಿಂತು ಎಂಟು ವರ್ಷವಾಗಿತ್ತು.

ಬರೆದದ್ದನ್ನು ಅವನು ತನುಶ್ರೀಗೆ ಕಳಿಸಲಿಲ್ಲ. ಎಲ್ಲಾದರೂ ಉಂಟೇ, ನಿಯಮವೆಂದರೆ ನಿಯಮ. ವಿಭಾಗದ ಜಾಲತಾಣದಲ್ಲಿ ಅಧ್ಯಕ್ಷಸ್ಥಾನದಲ್ಲಿ ಯಾರಿದ್ದಾರೆಂದು ನೋಡಿ, ಹೆಂಕ್‌ನ ಇಮೇಲ್ ಹುಡುಕಿ ಅವನಿಗೇ ಕಳಿಸಿದ. ಜೊತೆಗೊಂದು ಸಣ್ಣ ಪತ್ರ: 'ಮಾನ್ಯರೇ, ಇದನ್ನು ಓದಿ ಒಪ್ಪಿಗೆ ಕೊಡಬೇಕಾಗಿ ವಿನಂತಿ. ತನುಶ್ರೀಗೆ ತಿಳಿಸಬೇಡಿ, ಅವಳು ಸಂಕೋಚದ ಹುಡುಗಿ. ಶುಕ್ರವಾರ ಮೂರು ಗಂಟೆಯೊಳಗೆ ಸಹಿಗಳೆಲ್ಲ ಆಗಬೇಕು. ಹಣ್ಣಿನ ಜವಾಬ್ದಾರಿ ನಮ್ಮದು. ಇಂತಿ, ಆಕೆಯ ಭಾವ.'

ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. 'ಓದಿ ನಮಗೆಲ್ಲ ಆಘಾತವಾಗಿದೆ. ಆದರೆ ಅರ್ಥವಾಗುತ್ತದೆ. ಗುಟ್ಟು ಕಾಪಾಡುತ್ತೇವೆ. ಶುಕ್ರವಾರ ಎರಡು ಗಂಟೆಗೆ ನೀವೂ ಬನ್ನಿ. ಕೇಕ್ ನಮ್ಮದು. ಹೆಂಕ್.'

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹರಿಪ್ರಸಾದ ಇದನ್ನು ಸರಳೆಗೆ ಎರಡು ಸಲ ಓದಿ ಹೇಳಿದ. "ಆಘಾತ ಅಂತೆ ನೋಡು. ಮೂವತ್ತೊಂದು ಬರೆದಿದೀನಿ, ಒಬ್ಬ ಅಧ್ಯಕ್ಷನಿಗೂ ಆಘಾತ ಆಗಿರ್ಲಿಲ್ಲ."

"ಹೊಗಳಿದ್ರೆ ಆಘಾತ ಯಾಕ್ರೀ ಆಗ್ಬೇಕು?"

"ಭಾಷೆಯ ಶಕ್ತಿ ಕಣೇ ಅದು."

"ಕೇಕ್ ಯಾಕೆ?"

"ಇವರು ಯಾವ ಶುಭಕಾರ್ಯಕ್ಕೂ ಕೇಕ್ ಇಲ್ಲದೆ ಸಹಿ ಹಾಕಲ್ಲ."

ಸರಳಾ ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದು ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸಾಸಿವೆ ಸೀದ ವಾಸನೆ ಬಂದದ್ದರಿಂದ ತಿರುಗಿಕೊಂಡಳು.

ಬುಧವಾರ ಮಧ್ಯಾಹ್ನ ತನುಶ್ರೀಯ ಫೋನ್ ಬಂತು. ಸರಳಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಪತ್ರೊಡೆಯ ಖಾಲಿ ಡಬ್ಬಿ ತೆಗೆದುಕೊಂಡು ಹೋಗಲು ಬಂದಿದ್ದ ಉಮಾವತಿಯವರೂ ಕೂತರು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹರಿಪ್ರಸಾದ ಲ್ಯಾಪ್‌ಟಾಪಿನ ಹಿಂದೆ ಕಿವಿ ನಿಮಿರಿಸಿದ.

"ಅಕ್ಕಾ, ಇಲ್ಲಿ ಏನೋ ಸರಿ ಇಲ್ಲ. ನಿನ್ನೆಯಿಂದ ಎಲ್ಲರೂ ನನ್ನನ್ನ ನೋಡಿ ಮಾತು ನಿಲ್ಸ್ತಾರೆ. ಸೆಕ್ರೆಟರಿ ಇವತ್ತು ಬಂದು ಎರಡೂ ಕೆನ್ನೆಗೆ ಮುತ್ತು ಕೊಟ್ಲು, ಕಾರಣ ಹೇಳ್ಲಿಲ್ಲ. ಎದುರು ರೂಮಿನವನು ನನ್ನ ಕಿಟಕಿಯ ಗಿಡ ತೋರ್ಸಿ, ಇದನ್ನ ನಾನು ತಗೊಳ್ಲಾ, ಚೆನ್ನಾಗಿ ನೋಡ್ಕೋತೀನಿ ಅಂದ. ಮಾತು ಮುಗಿಯೋದ್ರೊಳಗೆ ಎತ್ಕೊಂಡೇ ಹೋದ."

"ಗಿಡ ಕೊಟ್ಬಿಟ್ಯಾ?"

"ಬೇಡ ಅನ್ನೋಕೆ ಆಗ್ಲಿಲ್ಲ ಅಕ್ಕಾ. ಮೇಂಟೆನೆನ್ಸ್‌ನವರು ಬಂದು ನನ್ನ ಮೇಜು ಅಳತೆ ತಗೊಂಡು ಹೋದ್ರು. ಹೆಂಕ್ ಹತ್ರ ಪತ್ರದ ಸಹಿ ಕೇಳಿದ್ರೆ, ನನ್ನ ಭುಜದ ಮೇಲೆ ಕೈಯಿಟ್ಟು, ಶುಕ್ರವಾರ ತನುಶ್ರೀ, ಎಲ್ಲಾ ಶುಕ್ರವಾರ ಅಂದ. ಅವನ ಕಣ್ಣು ಒದ್ದೆ ಆಗಿತ್ತು." ಅವಳ ದನಿ ಸಣ್ಣದಾಯಿತು. "ಅವರು ನನ್ನನ್ನ ಕಳಿಸೋ ತೀರ್ಮಾನ ಮಾಡಿದಾರೆ. ಭಾವ ಬರೆದ್ರಾ ಅಕ್ಕಾ? ನನಗೆ ಏನೂ ಬಂದಿಲ್ಲ."

"ಶುಕ್ರವಾರ" ಎಂದ ಹರಿಪ್ರಸಾದ ಲ್ಯಾಪ್‌ಟಾಪಿನ ಹಿಂದಿನಿಂದ. "ಎಲ್ಲಾ ಶುಕ್ರವಾರ ತನೂ."

ಆ ಕಡೆ ತನುಶ್ರೀ ಫೋನಿಟ್ಟಳು.

ಉಮಾವತಿಯವರು ಡಬ್ಬಿ ಎತ್ತಿಕೊಂಡು ಎದ್ದರು. "ಪಾಪದ ಹುಡುಗಿ" ಎಂದರು. "ಮೇಜು ಅಳತೆ ತಗೊಂಡದ್ದು ಅಂದ್ರೆ ಮುಗೀತು. ಇನ್ನೆಂತ ಉಂಟು ಹೇಳ್ಲಿಕ್ಕೆ?" ಹೇಳಲಿಕ್ಕೆ ಏನೂ ಇಲ್ಲದ ಉಮಾವತಿಯವರು ಕೆಳಗೆ ಹೋಗಿ ಒಂದೂವರೆ ಗಂಟೆ ಫೋನಿನಲ್ಲಿ ಮಾತಾಡಿದರು.

ಗುರುವಾರ ಬೆಳಗ್ಗೆ ಸಂಘದ ಕಾರ್ಯದರ್ಶಿ ನಾರಾಯಣಸ್ವಾಮಿಯವರು ದ ಹೇಗ್‌ನಿಂದ ಫೋನ್ ಮಾಡಿದರು. ಟ್ರಾಮಿನಲ್ಲಿದ್ದರು; ಅವರು ಸಂಘದ ಕೆಲಸವನ್ನೆಲ್ಲ ಟ್ರಾಮಿನಲ್ಲೇ ಮಾಡುತ್ತಿದ್ದರು.

"ಹರಿಪ್ರಸಾದ್, ನಿಮ್ಮ ನಾದಿನಿ ಊರಿಗೆ ಹೊರಟಿದಾರಂತೆ. ಬಹಳ ಬೇಜಾರಾಯ್ತು. ಭಾನುವಾರ ಮೀಟಿಂಗ್ ಹೇಗೂ ಇದೆ, ಅದರಲ್ಲೇ ಬೀಳ್ಕೊಡುಗೆ ಸೇರಿಸಿಬಿಡೋಣ. ಶಾಲು ನನ್ನ ಹತ್ರ ಇದೆ. ನೀವೊಂದು ಬಿನ್ನವತ್ತಳೆ ರೆಡಿ ಮಾಡಿಬಿಡಿ."

"ಯಾರು ಹೊರಟಿದಾರೆ? ತನು ಎಲ್ಲೂ ಹೋಗ್ತಿಲ್ಲ ಸಾರ್."

"ಉಮಾವತಿಯವರು ಎಲ್ಲಾ ಹೇಳಿದ್ರು. ಮುಚ್ಚಿಡೋದು ಬೇಡ, ನಾವೂ ನಿಮ್ಮವರೇ ಅಲ್ವಾ. ಟೈಮ್ ಇಲ್ಲ ಅಂದ್ರೆ ಹೊಸದಾಗಿ ಬರೀಬೇಡಿ, ಗುಂಡಪ್ಪನವರದ್ರಲ್ಲಿ ಹೆಸರು ಬದಲಾಯಿಸಿ ಕೊಟ್ರೂ ನಡೆಯತ್ತೆ. ಹೇಗೂ ಎಲ್ಲಾ ಒಂದೇ ತರ ಅಲ್ವಾ, ಬೀಳ್ಕೊಡುಗೆ ಅಂದ್ಮೇಲೆ."

ಎಲ್ಲಾ ಒಂದೇ ತರ ಎಂಬ ಮಾತಿಗೆ ಹರಿಪ್ರಸಾದನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನಿಟ್ಟವನೇ, ಹಾಗಲ್ಲ ಎಂದು ತನಗೆ ತಾನೇ ಸಾಬೀತುಮಾಡಿಕೊಳ್ಳಲು ಗುಂಡಪ್ಪನವರದನ್ನೂ ತನುಶ್ರೀಯದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಆಫೀಸಿನಲ್ಲಿ ಮಾಡುವಂತೆ ಸಾಲು ಸಾಲು ಹೋಲಿಸುತ್ತ ಬಂದ. ಎಂಟು ವರ್ಷದ ನಂತರ ಮೊದಲ ಬಾರಿಗೆ ಅವನ ಕಣ್ಣು ನಾಲ್ಕನೆಯ ಪ್ಯಾರಾದ ಮೇಲೆ ಬಿತ್ತು.

"ಸರಳಾ" ಎಂದು ಕರೆದ. ಆ ದನಿಯಲ್ಲಿ ಅವನು ಕರೆದದ್ದು ಮದುವೆಯಾದ ಮೇಲೆ ಎರಡನೆಯ ಸಲ. ಮೊದಲ ಸಲ ಸ್ನಾನದ ಮನೆಯ ಬಾಗಿಲು ಒಳಗಿನಿಂದ ಸಿಕ್ಕಿಕೊಂಡಿತ್ತು.

ಸರಳಾ ಓದಿದಳು. ಅವನು ಹೆಂಕ್‌ಗೆ ಬರೆದ ಸಣ್ಣ ಪತ್ರವನ್ನೂ ಓದಿದಳು. ಹೆಂಕ್‌ನ ಉತ್ತರವನ್ನು ಮತ್ತೊಮ್ಮೆ ಓದಿದಳು. ಈಗ ಅದರಲ್ಲಿ ಆಘಾತವೂ ಕೇಕೂ ಎರಡೂ ಚೆನ್ನಾಗಿ ಅರ್ಥವಾದವು.

"ಅವಳು ಕೆಲಸ ಬಿಟ್ಟು ಹೋಗ್ತಾಳೆ ಅಂತ ನೀವು ಅವಳ ಬಾಸ್‌ಗೇ ಬರೆದಿದೀರಿ" ಎಂದಳು ನಿಧಾನವಾಗಿ. "ಅವಳಿಗೆ ಹೇಳ್ಬೇಡಿ ಅಂತಲೂ ಬರೆದಿದೀರಿ. ಹಣ್ಣಿನ ಬುಟ್ಟಿ ತರ್ತೀವಿ ಅಂತಲೂ ಬರೆದಿದೀರಿ. ಹೋಗೋವಳಿಗೆ ಐದು ವರ್ಷ ಜಾಗ ಕೊಡ್ತೀನಿ ಅಂತ ಅವನು ಯಾವ ಬಾಯಿಂದ ಸಹಿ ಹಾಕ್ತಾನ್ರೀ?"

ಹರಿಪ್ರಸಾದ ಕೂಡಲೇ ಹೆಂಕ್‌ಗೆ ಫೋನ್ ಮಾಡಿದ. ರೆಕಾರ್ಡಾದ ದನಿಯೊಂದು ಉತ್ತರ ಕೊಟ್ಟಿತು: ಗುರುವಾರ ಹೆಂಕ್‌ನ ಪಾಪಾದಾಖ್. ಆ ದೇಶದ ಅಪ್ಪಂದಿರು ವಾರದಲ್ಲಿ ಒಂದು ದಿನ ಆಫೀಸಿಗೆ ಹೋಗದೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಅವತ್ತು ಅವರನ್ನು ಪ್ರಧಾನಿ ಕರೆದರೂ ಸಿಗುವುದಿಲ್ಲ. ಸರಿ, ಇಮೇಲ್ ಬರೆಯೋಣವೆಂದು ಕೂತ. ತಪ್ಪೊಪ್ಪಿಗೆಯ ಪತ್ರ. ಆದರೆ ಅಭ್ಯಾಸ ಕೈಬಿಡಬೇಕಲ್ಲ? 'ಓ ಉದಾರಚರಿತನೇ' ಎಂದೇ ಶುರುವಾಯಿತು. ನಿಜವಾದ ವಿಷಯ ಮೂರನೆಯ ಪ್ಯಾರಾದಲ್ಲಿ ಬಂತು.

"ತನೂಗೆ ಹೇಳ್ಬಿಡ್ಲಾ?"

"ಈಗ ಹೇಳಿದ್ರೆ ಅವಳು ನಿದ್ದೆ ಮಾಡಲ್ಲ. ನಾಳೆ ಬೆಳಗ್ಗೆಯಿಂದ ಎರಡು ಗಂಟೆವರೆಗೆ ಅವಳಿಗೆ ಪರೀಕ್ಷೆ ಡ್ಯೂಟಿ" ಎಂದಳು ಸರಳಾ. "ಗಂಟು ಹಾಕಿದ್ದು ನೀವು. ಹೋಗಿ ನೀವೇ ಬಿಚ್ಚಿ. ನಾನೂ ಬರ್ತೀನಿ, ನೀವು ಇನ್ನೊಂದು ಗಂಟು ಹಾಕ್ದೆ ಇರೋ ಹಾಗೆ ನೋಡ್ಕೊಳ್ಳೋಕೆ."

ಶುಕ್ರವಾರ ಬೆಳಗ್ಗೆ ಹತ್ತೂವರೆಗೇ ಇಬ್ಬರೂ ವಿಭಾಗದ ಸೆಕ್ರೆಟರಿಯ ಮುಂದೆ ನಿಂತಿದ್ದರು. ಹರಿಪ್ರಸಾದನ ಕೈಯಲ್ಲಿ ಹಣ್ಣಿನ ಬುಟ್ಟಿಯಿತ್ತು. ಕೊಡುತ್ತೇನೆಂದ ಮೇಲೆ ಕೊಡದಿದ್ದರೆ ಹೇಗೆ ಎಂದು ತಂದಿದ್ದ. ಅದನ್ನು ನೋಡಿದ್ದೇ ಸೆಕ್ರೆಟರಿಗೆ ಕಣ್ಣು ತುಂಬಿ ಬಂತು.

"ಹೆಂಕ್ ಅವರನ್ನು ಐದು ನಿಮಿಷ ನೋಡಬೇಕು" ಎಂದ ಹರಿಪ್ರಸಾದ.

"ಅಪಾಯಿಂಟ್‌ಮೆಂಟ್ ಇದೆಯೇ?"

"ಇಲ್ಲ. ಆದರೆ ಒಂದು ದೊಡ್ಡ ತಪ್ಪು ನಡೆದುಹೋಗಿದೆ."

"ತಪ್ಪಿಗೂ ಅಪಾಯಿಂಟ್‌ಮೆಂಟ್ ಬೇಕು" ಎಂದಳು ಆಕೆ ಬಹಳ ಮೃದುವಾಗಿ. ಕಂಪ್ಯೂಟರ್ ನೋಡಿದಳು. "ಹೆಂಕ್ ಎರಡರವರೆಗೆ ಮೀಟಿಂಗಿನಲ್ಲಿದ್ದಾರೆ. ನಿಮ್ಮ ಹೆಸರು ಎರಡು ಗಂಟೆಗೆ ಇದೆಯಲ್ಲ. ಕಾರ್ಯಕ್ರಮದಲ್ಲಿ ಕೊನೆಯ ಭಾಷಣ ನಿಮ್ಮದೇ."

ಮೂರೂವರೆ ಗಂಟೆ ಅವರು ಹಣ್ಣಿನ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಹೋಗುವವರು ಬರುವವರೆಲ್ಲ ಇವರ ಕೈ ಕುಲುಕಿ ಸಂತಾಪದ ಮುಖ ಮಾಡಿದರು. ಒಬ್ಬ ಎತ್ತರದ ಮನುಷ್ಯ, "ಗಿಡ ಕ್ಷೇಮವಾಗಿದೆ" ಎಂದು ಹೇಳಿ ಹೋದ.

ಎರಡು ಗಂಟೆಗೆ ಕಾಫಿ ಕೋಣೆಯಲ್ಲಿ ಹದಿನೈದು ಕುರ್ಚಿಗಳು ವೃತ್ತಾಕಾರದಲ್ಲಿ ಕೂತವು. ನಡುವೆ ಕೇಕ್. ಕೇಕಿನ ಪಕ್ಕದಲ್ಲಿ ಕೆಂಪು ರಿಬ್ಬನ್ ಕಟ್ಟಿದ ದೊಡ್ಡ ನೀಲಿ ಸೂಟ್‌ಕೇಸು. ಅದರ ಹಿಡಿಗೆ 'ಹೋಗಿ ಬಾ' ಎಂದು ಡಚ್ಚಿನಲ್ಲಿ ಬರೆದ ಚೀಟಿ. ಪರೀಕ್ಷೆ ಮುಗಿಸಿ ಕಾಫಿಗೆಂದು ಬಂದ ತನುಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು. ಸೂಟ್‌ಕೇಸು ನೋಡಿದಳು. ಅಕ್ಕ ಭಾವನನ್ನು ನೋಡಿದಳು. ಮತ್ತೆ ಸೂಟ್‌ಕೇಸು ನೋಡಿದಳು. ಯಾರೋ ಅವಳನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು.

ಹರಿಪ್ರಸಾದ ಎದ್ದು ಬಾಯಿ ತೆರೆದ. ಹೆಂಕ್ ಕೈಯೆತ್ತಿದ. ಆರೂವರೆ ಅಡಿ ಎತ್ತರದ ಮನುಷ್ಯನ ಕೈ ಬಹಳ ಮೇಲಕ್ಕೆ ಹೋಯಿತು. "ಮೊದಲು ನಾವು, ಆಮೇಲೆ ಕುಟುಂಬದವರು. ಕಾರ್ಯಕ್ರಮದಲ್ಲಿ ಹಾಗೇ ಅಚ್ಚಾಗಿದೆ."

ಮೊದಲು ಎದ್ದವನು ಪ್ರಯೋಗಾಲಯದ ಬಾರ್ಟ್. ಕೆಂಪು ಮೂಗಿನ, ಮಾತು ಕಮ್ಮಿಯ ಮನುಷ್ಯ. "ಜನವರಿಯಲ್ಲಿ ದೋಣಿಯ ಮೇಲೆ ಬೋರಲು ಮಲಗಿ ಇವಳು ಇನ್ನೂರ ಹನ್ನೆರಡು ಕಂಬ ತಟ್ಟಿದಳು. ನನಗೆ ಚಳಿ ತಡೆಯಲಾಗದೆ ನಾನು ನೂರಕ್ಕೇ ಎದ್ದುಹೋದೆ. ಇವಳಿಗೆ ಏಳು ಕೊಳೆತ ಕಂಬ ಸಿಕ್ಕವು. ಏಳೂ ಒಂದು ಶಾಲೆಯ ಮುಂದಿನ ದಂಡೆಯ ಕೆಳಗೆ. ಮಾರನೆಯ ದಿನವೇ ಅಲ್ಲಿ ಲಾರಿ ಓಡಾಟ ನಿಲ್ಲಿಸಿದರು. ಪೇಪರಿನಲ್ಲಿ ಹೆಂಕ್‌ನ ಹೆಸರು ಬಂತು."

"ಬಂತು" ಎಂದ ಹೆಂಕ್ ನೆಲ ನೋಡುತ್ತ.

ಸೆಕ್ರೆಟರಿ ಎದ್ದು, ತನುಶ್ರೀ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಮಾಡಿದ ಕಂಬ ಕೇಳುವ ಸಾಧನ ಈಗ ಮೂರು ಊರುಗಳ ಪುರಸಭೆಯಲ್ಲಿದೆಯೆಂದೂ, ಆ ಊರಿನವರಿಗೆ ಮಾಡಿದವರ ಹೆಸರೇ ಗೊತ್ತಿಲ್ಲವೆಂದೂ ಹೇಳಿದಳು. ಒಬ್ಬ ವಿದ್ಯಾರ್ಥಿನಿ, ತಾನು ಓದು ಬಿಡಬೇಕೆಂದಿದ್ದಾಗ ಇವರು ಆರು ವಾರ ದಿನಾ ಬೆಳಗ್ಗೆ ಎಂಟಕ್ಕೆ ಕೂರಿಸಿಕೊಂಡು ಗಣಿತ ಹೇಳಿಕೊಟ್ಟರು, ಅದನ್ನು ಯಾರಿಗೂ ಹೇಳಬೇಡ ಅಂದಿದ್ದರು, ಈಗ ಹೇಳುತ್ತಿದ್ದೇನೆ ಎಂದಳು. ಗಿಡದವನು ಎದ್ದು, ಶಬ್ದ ಕೇಳಿ ಕೊಳೆತ ಕಂಬ ಗುರುತಿಸುವ ಇವಳ ಲೆಕ್ಕಾಚಾರ ತಪ್ಪೆಂದು ತಾನು ಒಂದು ವರ್ಷ ವಾದಿಸಿದ್ದೆ, ಕೊನೆಗೆ ತನ್ನದೇ ತಪ್ಪಾಗಿತ್ತು ಎಂದು ಒಪ್ಪಿಕೊಂಡ.

ಇತ್ತ ಹರಿಪ್ರಸಾದ ಏನು ಮಾಡುತ್ತಿದ್ದ? ಬರೆಯುತ್ತಿದ್ದ. ಕೈಗೆ ಸಿಕ್ಕಿದ ಕೇಕಿನ ಪೇಪರ್ ನ್ಯಾಪ್ಕಿನ್ನುಗಳ ಮೇಲೆ, ತಲೆ ತಗ್ಗಿಸಿ, ಒಂದೇ ಸಮನೆ. ಮೂವತ್ತೊಂದು ಬಿನ್ನವತ್ತಳೆ ಬರೆದವನಿಗೆ ಒಬ್ಬರ ಬಗ್ಗೆಯಾದರೂ ಇಷ್ಟು ವಿಷಯ ಸಿಕ್ಕಿರಲಿಲ್ಲ. ಗುಂಡಪ್ಪನವರ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅವರ ರಕ್ತದೊತ್ತಡ ಒಂದೇ. ಆ ಸಂತೋಷದಲ್ಲಿ ಅವನಿಗೆ ತಾನು ಯಾಕೆ ಬಂದೆನೆಂಬುದೇ ಮರೆತುಹೋಯಿತು.

ಸರಳಾ ಗೋಡೆಯ ಗಡಿಯಾರ ನೋಡಿ ಅವನ ಪಕ್ಕೆಗೆ ತಿವಿದಳು. ಎರಡೂಮುಕ್ಕಾಲು.

"ಈಗ ಭಾವನವರು" ಎಂದ ಹೆಂಕ್.

ಹರಿಪ್ರಸಾದ ನ್ಯಾಪ್ಕಿನ್ನುಗಳ ಕಟ್ಟು ಹಿಡಿದು ಎದ್ದ. ಜೀವನದಲ್ಲಿ ಮೊದಲ ಬಾರಿಗೆ ಸಂಬೋಧನೆಯಿಲ್ಲದೆ ಭಾಷಣ ಶುರುಮಾಡಿದ.

"ಇವಳು ಎಲ್ಲಿಗೂ ಹೋಗುತ್ತಿಲ್ಲ."

ಕೇಕ್ ಕತ್ತರಿಸುತ್ತಿದ್ದ ಚಾಕು ನಿಂತಿತು.

"ನಾನು ಬರೆದದ್ದು ಬೀಳ್ಕೊಡುಗೆ ಅಲ್ಲ. ಅಂದರೆ, ಬೀಳ್ಕೊಡುಗೆಯೇ. ನನಗೆ ಬೇರೆ ಥರ ಬರೆಯಲು ಬರುವುದಿಲ್ಲ. ಗ್ರಾಂಟಿಗೆ ಹೊಗಳಬೇಕಾಗಿತ್ತು, ಹೊಗಳಿದೆ. ಕೊನೆಯ ಪ್ಯಾರಾ ಗುಂಡಪ್ಪನವರದು. ನಿನ್ನೆ ಎಲ್ಲಾ ವಿವರಿಸಿ ನಿಮಗೆ ಬರೆದಿದ್ದೆ."

"ಮೊದಲ ಸಾಲು ಓದಿದೆ" ಎಂದ ಹೆಂಕ್. "ಉದಾರಿ ಎಂದಿತ್ತು. ಸಂತೋಷವಾಯಿತು, ಅಲ್ಲಿಗೇ ನಿಲ್ಲಿಸಿದೆ." ಅವನು ತನುಶ್ರೀಯ ಕಡೆ ತಿರುಗಿದ. "ನೀನು ಹೋಗುತ್ತಿಲ್ಲವೇ?"

ಎಲ್ಲರೂ ತನುಶ್ರೀಯನ್ನು ನೋಡಿದರು. ಗಿಡ ಬೇಡ ಎನ್ನಲಾಗದ ಹುಡುಗಿ. ಸರಳಾ ಸೀರೆಯ ಸೆರಗು ಹಿಂಡಿದಳು. ತನುಶ್ರೀ ಎದ್ದಳು. ಕೆನ್ನೆ ಕೆಂಪಾಗಿತ್ತು.

"ಇಲ್ಲ" ಎಂದಳು. "ನನಗೆ ಇಲ್ಲೇ ಇರಬೇಕು. ಈ ಕೆಲಸ ನನಗೆ ಬೇಕು. ಇದನ್ನು ನಾನು ಚೆನ್ನಾಗಿ ಮಾಡುತ್ತೇನೆ." ಒಂದು ಉಸಿರು ತೆಗೆದುಕೊಂಡು, ಗಿಡದವನ ಕಡೆ ನೋಡಿದಳು. "ನನ್ನ ಗಿಡವೂ ವಾಪಸ್ ಬೇಕು."

ಇನ್ನು ಹನ್ನೊಂದು ನಿಮಿಷವಿತ್ತು. ಹೆಂಕ್ ತನ್ನ ಉದ್ದನೆಯ ಕಾಲುಗಳಲ್ಲಿ ಕಾರಿಡಾರಿನುದ್ದಕ್ಕೂ ಓಡಿದ. ಪತ್ರ ತಂದ. ಮೇಜಿನ ತುಂಬ ಕೇಕೂ ಹಣ್ಣೂ ಇದ್ದದ್ದರಿಂದ ಪತ್ರವನ್ನು ಬೀಳ್ಕೊಡುಗೆಯ ಸೂಟ್‌ಕೇಸಿನ ಮೇಲಿಟ್ಟು, ಈಕೆ ನಮಗೆ ಐದು ವರ್ಷ ಬೇಕೇ ಬೇಕು ಎಂಬ ಸಾಲಿನ ಕೆಳಗೆ ಸಹಿ ಹಾಕಿದ. ಮೂಲೆಯಲ್ಲಿ ಕೂತಿದ್ದ ಮಾರ್ಲೂಸ್ ಅದನ್ನು ಕಸಿದುಕೊಂಡು ಹೋಗಿ ಅಪ್‌ಲೋಡ್ ಮಾಡಿ ಬಂದಾಗ ಗಂಟೆ ಎರಡು ಐವತ್ತೇಳು.

ಬಂದವಳು ಸೀದಾ ಹರಿಪ್ರಸಾದನ ಮುಂದೆ ನಿಂತಳು. ಅವನು ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದ.

"ಆ ನ್ಯಾಪ್ಕಿನ್ನುಗಳನ್ನು ಕೊಡಿ" ಎಂದಳು ಮಾರ್ಲೂಸ್. ಒಂದೊಂದಾಗಿ ಓದಿದಳು. "ಮೂರು ವಾರದಿಂದ ಇವಳ ಹತ್ತಿರ ನಾನು ಕೇಳುತ್ತಿದ್ದದ್ದು ಇದನ್ನೇ. ಎಷ್ಟು ಕಂಬ, ಎಷ್ಟು ಊರು, ಯಾವ ವಿದ್ಯಾರ್ಥಿ. ಇವಳು ಏನು ಕೇಳಿದರೂ ಗುರುಗಳ ಆಶೀರ್ವಾದ ಎನ್ನುತ್ತಿದ್ದಳು."

ಸೋಮವಾರ ತನುಶ್ರೀಯೂ ಮಾರ್ಲೂಸಳೂ ಕೂತು ಆ ನ್ಯಾಪ್ಕಿನ್ನುಗಳಿಂದ ಎರಡು ಪುಟ ಬರೆದರು. ಒಂದಾದರೂ ಸಂಬೋಧನೆ ಇರಲಿ ಎಂದು ಹರಿಪ್ರಸಾದ ಫೋನಿನಲ್ಲಿ ಅರ್ಧ ಗಂಟೆ ಬೇಡಿಕೊಂಡ. ಆಗಲಿಲ್ಲ. ಸೂಟ್‌ಕೇಸನ್ನು ತನುಶ್ರೀ ಹಿಂತಿರುಗಿಸಲು ಹೋದಳು. ಹೆಂಕ್ ತೆಗೆದುಕೊಳ್ಳಲಿಲ್ಲ. "ಕೇಕ್ ತಿಂದಾಗಿದೆ, ಕಾರ್ಯಕ್ರಮ ಮುಗಿದಿದೆ" ಎಂದ. "ನಿಜವಾಗಿ ಹೋಗುವ ದಿನ ಬರೀ ಕಾಫಿ ಕೊಡುತ್ತೇವೆ, ಅಷ್ಟೇ."

ಭಾನುವಾರದ ಬೀಳ್ಕೊಡುಗೆ ರದ್ದಾದದ್ದಕ್ಕೆ ನಾರಾಯಣಸ್ವಾಮಿಯವರಿಗೆ ಸ್ವಲ್ಪ ಬೇಜಾರಾಯಿತು. ಶಾಲು ಆಗಲೇ ಇಸ್ತ್ರಿಯಾಗಿತ್ತು. "ನಾನು ಆವತ್ತೇ ಹೇಳಿದ್ದೆ, ಅವಳು ಹೋಗುವವಳಲ್ಲ ಅಂತ" ಎಂದು ಉಮಾವತಿಯವರು ಎಲ್ಲರಿಗೂ ಮತ್ತೆ ಫೋನ್ ಮಾಡಿದರು.

ಜೂನ್ ತಿಂಗಳಲ್ಲಿ ಪತ್ರ ಬಂತು. ಗ್ರಾಂಟ್ ಸಿಕ್ಕಿತ್ತು. ಐದು ವರ್ಷ.

ರಜೆಗೆ ತನುಶ್ರೀ ಆ ನೀಲಿ ಸೂಟ್‌ಕೇಸನ್ನು ಖಾಲಿ ತೆಗೆದುಕೊಂಡು ಮೈಸೂರಿಗೆ ಹೋದಳು. ಬರುವಾಗ ಅದರ ತುಂಬ ಅಮ್ಮನ ಸೀರೆ, ಚಟ್ನಿಪುಡಿ, ಸಂಡಿಗೆ, ಜೊತೆಯಲ್ಲಿ ಅಮ್ಮ. ಮೂರು ತಿಂಗಳು ಮಗಳ ಮನೆಯಲ್ಲಿರಲು ಹೊರಟವರು.

ಸ್ಕಿಪೋಲ್ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನ ಮುಂದೆ ಹರಿಪ್ರಸಾದ ಇಸ್ತ್ರಿಯ ಶರಟು ಹಾಕಿಕೊಂಡು ನಿಂತಿದ್ದ. ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ. ಬಾಗಿಲು ತೆರೆಯಿತು. ತನುಶ್ರೀ ತಳ್ಳುತ್ತಿದ್ದ ಗಾಡಿಯ ಮೇಲೆ ನೀಲಿ ಸೂಟ್‌ಕೇಸು, ಅದರ ಹಿಡಿಯಲ್ಲಿ ಇನ್ನೂ ಅದೇ 'ಹೋಗಿ ಬಾ' ಚೀಟಿ. ಹಿಂದೆ ಸ್ವೆಟರಿನ ಮೇಲೆ ಶಾಲು ಹೊದ್ದ ಚಿಕ್ಕಮ್ಮ, ಅತ್ತ ಇತ್ತ ನೋಡುತ್ತ.

ಹರಿಪ್ರಸಾದ ಗಂಟಲು ಸರಿಮಾಡಿಕೊಂಡು, ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ.

"ಏನ್ರೀ ಅದು?" ಎಂದಳು ಸರಳಾ.

"ಸ್ವಾಗತ ಪತ್ರ. ಹೊಸದು. ಚಿಕ್ಕಮ್ಮನವರಿಗೆ ಅಂತಲೇ ಬರೆದಿದೀನಿ."

ಸರಳಾ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಮೇಲಿನ ಮೂರು ಪ್ಯಾರಾ ಓದುವ ಗೋಜಿಗೆ ಹೋಗಲಿಲ್ಲ. ನಾಲ್ಕನೆಯದರ ಮೇಲೆ ಬೆರಳಿಟ್ಟು, ಕಾಗದವನ್ನು ಅಲ್ಲಿಗೆ ನೀಟಾಗಿ ಮಡಿಸಿ, ಉಗುರಿನಿಂದ ಗೆರೆ ಎಳೆದು, ಆ ತುಂಡನ್ನು ಹರಿದು ತನ್ನ ಚೀಲದೊಳಗೆ ಹಾಕಿಕೊಂಡಳು. ಉಳಿದದ್ದನ್ನು ಗಂಡನ ಕೈಗೆ ಕೊಟ್ಟಳು.

"ಹೂಂ, ಈಗ ಓದಿ."